ಮಿಶನ್ ಗುಡಿಯ ನಡುವಿನ ಜಾಗ

ದೆವ್ವ, ಗಾಳಿ ಸೋಕು, ಮಾಟ, ಇಂಥ ಮಾತು ಎಲ್ಲಿ ಶುರುವಾದರೂ ನಾನು ಎದ್ದು ಹೋಗುವವಳು. ಹೆದರಿಕೆಯಿಂದಲ್ಲ, ಬೇಸರದಿಂದ. ನೌಕರಿಯ ಉದ್ದಕ್ಕೂ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಗ್ರಹಣದ ದಿನ ಇಡೀ ತರಗತಿಯ ಎದುರು ಬಾಳೆಹಣ್ಣು ಸುಲಿದು ತಿಂದು, ಮರುದಿನ ಎಂದಿನಂತೆ ಹಾಜರಿ ಕೂಗಿ, ನೋಡಿ ನನಗೇನೂ ಆಗಿಲ್ಲ ಎಂದು ತೋರಿಸಿದವಳು. ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಈ ಸುದ್ದಿ ತಿಳಿದ ಮೇಲೆ ಅತ್ತೆಯವರು ನನ್ನೊಡನೆ ಬಹಳ ದಿನ ಮಾತು ಬಿಟ್ಟಿದ್ದರು. ಬಿಟ್ಟರೆ ಬಿಡಲಿ ಎಂದು ನಾನೂ ಸುಮ್ಮನಿದ್ದೆ.

ಇದನ್ನೆಲ್ಲ ಮೊದಲೇ ಹೇಳುವುದು ಯಾಕೆಂದರೆ, ಈಗ ಬರೆಯಲಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಮಡಚಿ ಇಡುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ. ನಂಬಿ ಎಂದು ಕೇಳುವುದಿಲ್ಲ, ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಅದು ಆದದ್ದು ನನಗೆ, ನಾನು ಎಚ್ಚರವಾಗಿದ್ದಾಗ. ಇಂಥ ಅನುಭವ ಆದವರು ಮೈ ಜುಮ್ಮೆಂದಿತು, ಜ್ವರ ಬಂತು ಎಂದೆಲ್ಲ ಹೇಳುತ್ತಾರೆ. ನನಗೆ ಬಂದದ್ದು ಸಿಟ್ಟು. ಅದು ಇವತ್ತಿಗೂ ಇಳಿದಿಲ್ಲ.

ಬಸವನ ಬಾಗೇವಾಡಿ ತಾಲೂಕಿನಲ್ಲಿ ಗೊಳಸಂಗಿಯ ಕಡೆಯಿಂದ ಒಳರಸ್ತೆ ಹಿಡಿದರೆ ಒಂದು ಹಳ್ಳಿ ಸಿಗುತ್ತದೆ. ಹೆಸರು ಹೇಳುವುದಿಲ್ಲ, ಊರವರಿಗೆ ಇರುವ ತಾಪತ್ರಯವೇ ಸಾಕಷ್ಟಿದೆ. ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆ ಕೆಲಸ ಮಾಡಿ, ಹತ್ತು ಹನ್ನೆರಡು ವರ್ಷದ ಹಿಂದೆ ಮುಖ್ಯೋಪಾಧ್ಯಾಯಿನಿಯಾಗಿ ನಾನು ಅಲ್ಲಿಗೆ ಹೋದೆ. ಹೋದ ವರ್ಷವೇ ಮಳೆಗೆ ಶಾಲೆಯ ಮಾಳಿಗೆ ಕುಸಿಯಿತು. ಪುಣ್ಯಕ್ಕೆ ಅಂದು ರಜೆಯಿತ್ತು. ಮರುದಿನದಿಂದ ಒಂದರಿಂದ ಏಳನೆಯವರೆಗೆ ಎಲ್ಲ ಮಕ್ಕಳೂ ಬೇವಿನ ಮರದ ಕೆಳಗೆ ಕುಳಿತರು. ಮಳೆ ಬಂದರೆ ರಜೆ, ಬಿಸಿಲು ಜೋರಾದರೂ ರಜೆ.

ಮೇಲಿನವರು ಹೇಳಿದ್ದು ಸರಳವಾಗಿತ್ತು. ಏಳೂ ತರಗತಿಗಳಿಗೆ ಒಂದೇ ಸೂರಿನ ಕೆಳಗೆ ಬೇರೆ ಬೇರೆ ಜಾಗ ತೋರಿಸಿ, ಇಲ್ಲವಾದರೆ ಏಳನೆಯ ತರಗತಿಯನ್ನು ದೊಡ್ಡ ರಸ್ತೆಯ ಆಚೆಗಿರುವ ಊರಿನ ಶಾಲೆಗೆ ಸೇರಿಸುತ್ತೇವೆ ಎಂದರು. ನಕಾಶೆಯ ಮೇಲೆ ಅದು ಬೆರಳಿನಷ್ಟು ದೂರ. ನೆಲದ ಮೇಲೆ ನಡುವೆ ಹೆದ್ದಾರಿ, ಹಗಲೆಲ್ಲ ಲಾರಿಗಳು. ಗಂಡುಹುಡುಗರು ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಹುಡುಗಿಯರ ಓದು ಅಲ್ಲಿಗೆ ಮುಗಿಯುತ್ತದೆ. ಇದು ನನ್ನ ಊಹೆಯಲ್ಲ, ನಮ್ಮ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಾಗಿದ್ದ ರಾಜೇಸಾಬರು ಎದುರಿಗೇ ಹೇಳಿದರು. ಅವರ ಮಗಳು ಶಾಹೀನ ಆ ವರ್ಷ ಏಳನೆಯ ತರಗತಿಯಲ್ಲಿದ್ದಳು.

"ಅಕ್ಕಾರ, ಸಾಲಿ ಊರಾಗಿದ್ರ ಮಗಳು ಕಲೀತಾಳ. ರಸ್ತಿ ದಾಟಿ ಹೋಗಬೇಕಂದ್ರ ನಾ ಕಳಸಂಗಿಲ್ರಿ. ನಾ ಹೂಂ ಅಂದ್ರೂ ಅಕಿ ತಾಯಿ ಬಿಡಂಗಿಲ್ಲ. ನಮ್ಮ ಮನಿ ಅಷ್ಟ ಅಲ್ರಿ, ಎಲ್ಲಾರ ಮನ್ಯಾಗೂ ಇದ ಮಾತು," ಎಂದರು.

ಊರಿನಲ್ಲಿ ಅಷ್ಟು ಮಕ್ಕಳನ್ನು ಹಿಡಿಸುವ ಕಟ್ಟಡ ಇದ್ದದ್ದು ಒಂದೇ. ಎಲ್ಲರೂ ಅದನ್ನು ಮಿಶನ್ ಗುಡಿ ಎನ್ನುತ್ತಿದ್ದರು. ಯಾವುದೋ ಕಾಲದಲ್ಲಿ ಹೊರದೇಶದ ಪಾದ್ರಿಗಳು ಕರಿಕಲ್ಲಿನಲ್ಲಿ ಕಟ್ಟಿಸಿದ ಚರ್ಚು. ಉದ್ದನೆಯ ಒಂದೇ ಪಡಸಾಲೆ, ಎತ್ತರದ ಮಾಡು, ಬಾಗಿಲ ಮೇಲೆ ಪಡುವಣಕ್ಕೆ ಒಂದು ದುಂಡು ಕಿಟಕಿ. ಒಳಗೆ ಶಿಲುಬೆ, ಪೀಠ ಏನೂ ಉಳಿದಿರಲಿಲ್ಲ. ಪಾದ್ರಿಗಳು ಹೋದ ಮೇಲೆ ಅದು ದವಾಖಾನೆಯಾಗಿತ್ತು. ದವಾಖಾನೆ ತಾಲೂಕಿಗೆ ಹೋದ ಮೇಲೆ ಶೇಂಗಾ, ಹತ್ತಿ ತುಂಬುವ ಗೋದಾಮಾಯಿತು. ಹಳೆಯ ಕೊಲ್ಹಾರಕ್ಕೆ ಹೊಳೆಯ ಹಿನ್ನೀರು ಬಂದಾಗ ಮನೆ ಕಳೆದುಕೊಂಡ ಕೆಲವು ಸಂಸಾರಗಳು ಅಲ್ಲಿದ್ದವು. ಆಮೇಲೆ ಮತಪೆಟ್ಟಿಗೆಗಳು, ಅವುಗಳ ಮೇಲೆ ಗೊಬ್ಬರದ ಖಾಲಿ ಚೀಲಗಳು. ನಾನು ಹೋಗುವ ಹೊತ್ತಿಗೆ ಅದಕ್ಕೊಂದು ಬೀಗವಿತ್ತು, ಒಡೆಯರು ಮಾತ್ರ ಇರಲಿಲ್ಲ.

ಆ ಬೀಗದ ಕೈಗಾಗಿ ನಾನು ಪಟ್ಟ ಪಾಡು ಬರೆದರೆ ಅದೇ ಒಂದು ಪುಸ್ತಕವಾದೀತು. ಒಂದು ಕಚೇರಿಯವರು ಅದು ಮಿಶನ್ನಿನವರದು ಎಂದರು. ಮಿಶನ್ನಿನವರು, ನಾವು ಎಂದೋ ಬಿಟ್ಟುಕೊಟ್ಟೆವು ಎಂದರು. ಯಾರಿಗೆ ಎಂದರೆ ಗೊತ್ತಿಲ್ಲ. ಇನ್ನೊಂದು ಕಚೇರಿಯವರು ನಮ್ಮದೇ ಇರಬಹುದು, ಆದರೆ ಇಲ್ಲದೆಯೂ ಇರಬಹುದು ಎಂದರು. ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದೆ. ಕಡೆಗೆ ಒಬ್ಬ ಗುಮಾಸ್ತರು ನನ್ನ ಮುಖ ನೋಡಿ ನೋಡಿ ಸಾಕಾಗಿ ಮೇಜಿನ ಖಾನೆಯಿಂದ ಕೀಲಿ ತೆಗೆದು ಇಟ್ಟರು.

"ಒಯ್ಯರಿ ಅಕ್ಕಾರ. ಬರದು ಮಾತ್ರ ಏನೂ ಕೊಡಂಗಿಲ್ಲ. ಯಾರರ ಕೇಳಿದ್ರ ನಾವು ಕೊಟ್ಟಿಲ್ಲ, ನೀವು ತಗೊಂಡಿಲ್ಲ," ಎಂದರು.

ಊರವರು ಸೇರಿ ಒಳಗನ್ನು ತೊಳೆದರು, ಸುಣ್ಣ ಬಳಿದರು. ನಾನು ಸೀಮೆಸುಣ್ಣ ಹಿಡಿದು ನೆಲವನ್ನು ಹಂಚಿದೆ. ಎಡಗೋಡೆಗೆ ಮೂರು ತರಗತಿ, ಬಲಗೋಡೆಗೆ ಮೂರು. ಅವರಿಗೆಲ್ಲ ಕೂಡಲು ಗೋಣಿಪಟ್ಟಿ ಹಾಸಿದೆವು. ಉಳಿದ ಏಳನೆಯ ತರಗತಿಗೆ ಸರಿಯಾಗಿ ನಡುವಿನ ಜಾಗ. ಇಲಾಖೆಯಿಂದ ಬಂದಿದ್ದ ಕಬ್ಬಿಣದ ಕಾಲಿನ ಡೆಸ್ಕುಗಳನ್ನು ಅಲ್ಲಿ ಹಾಕಿಸಿದೆ. ಒಂದೊಂದನ್ನು ಎತ್ತಲು ಇಬ್ಬರು ದೊಡ್ಡವರು ಬೇಕು. ಎಲ್ಲ ಕೂಡಿತು ಎಂದು ಹಿಗ್ಗಿನಿಂದ ಬೀಗ ಹಾಕಿ ಮನೆಗೆ ಹೋದೆ.

ಮರುದಿನ ಬಾಗಿಲು ತೆಗೆದರೆ ಡೆಸ್ಕುಗಳು ಎರಡೂ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ನಡುವೆ ಬಾಗಿಲಿನಿಂದ ಆ ತುದಿಯವರೆಗೆ ನೆಲ ಖಾಲಿ.

ಯಾರೋ ಸರಿಸಿದ್ದಾರೆ ಅಂದುಕೊಂಡೆ. ಹುಡುಗರಿಂದ ಎಳೆಸಿ ಮತ್ತೆ ನಡುವೆ ಹಾಕಿಸಿದೆ. ಮರುದಿನ ಮತ್ತೆ ಗೋಡೆಗೆ. ಬಾಗೇವಾಡಿಯ ಪೇಟೆಯಿಂದ ಹೊಸ ಬೀಗ ತಂದು ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದರ ಮರುದಿನವೂ ಗೋಡೆಗೆ. ಪ್ರತಿ ಬೆಳಿಗ್ಗೆ ಮೊದಲ ಪಾಠದ ಹೊತ್ತೆಲ್ಲ ಡೆಸ್ಕು ಎಳೆಯುವುದರಲ್ಲೇ ಹೋಗುತ್ತಿತ್ತು. ಬಿಸಿಯೂಟ ಮಾಡುತ್ತಿದ್ದ ರೂತಮ್ಮನನ್ನು ಕೇಳಿದೆ. ಊರಿನಲ್ಲಿ ಉಳಿದಿದ್ದ ಒಂದೆರಡು ಕ್ರೈಸ್ತ ಮನೆಗಳಲ್ಲಿ ಅವಳದೊಂದು.

"ಹೆಗ್ಗಣ ಇರಬೇಕ್ರಿ," ಎಂದಳು.

"ಕಬ್ಬಿಣದ ಡೆಸ್ಕು ಸರಿಸೋ ಹೆಗ್ಗಣ ಯಾವದವಾ?"

"ಗೋದಾಮು ಇದ್ದಾಗಿನ ಹೆಗ್ಗಣ ನೀವು ನೋಡಿಲ್ರಿ ಅಕ್ಕಾರ," ಎಂದು ಅಕ್ಕಿ ಆರಿಸತೊಡಗಿದಳು. ಆಮೇಲೆ ಏನೋ ನೆನಪಾದವಳಂತೆ, ಚರ್ಚು ಇದ್ದಾಗ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ ನೆಲದ ಮೇಲೆ ಕೂಡುತ್ತಿದ್ದರಂತೆ, ನಡುವೆ ಯಾರೂ ಕೂಡುತ್ತಿರಲಿಲ್ಲವಂತೆ ಎಂದಳು. ಯಾಕೆ ಎಂದರೆ, "ದಾರಿ ಬೇಕಲ್ರಿ," ಎಂದಳು.

ಈ ಮಾತು ನನ್ನ ತಲೆ ಹೊಕ್ಕಿತು. ಅಲ್ಲಿಂದ ಊರಿನಲ್ಲಿ ಯಾರು ಸಿಕ್ಕರೂ ಕೇಳತೊಡಗಿದೆ. ದವಾಖಾನೆ ಇದ್ದಾಗ ಮಂಚಗಳನ್ನು ಎರಡೂ ಗೋಡೆಗೆ ಹಾಕುತ್ತಿದ್ದರಂತೆ, ನಡುವೆ ಖಾಲಿ. ಯಾಕೆ? ನರ್ಸಮ್ಮ ಓಡಾಡಲು ದಾರಿ ಬೇಕಲ್ಲ. ಗೋದಾಮು ಇದ್ದಾಗ ಚೀಲಗಳನ್ನು ಎರಡು ರಾಶಿ ಮಾಡಿ ಒಟ್ಟುತ್ತಿದ್ದರಂತೆ. ಯಾಕೆ? ಹಮಾಲರಿಗೆ ದಾರಿ ಬೇಕಲ್ಲ. ರಾಜೇಸಾಬರ ಮನೆತನ ಹಳೆಯ ಕೊಲ್ಹಾರದ್ದು, ಮನೆ ಮುಳುಗಿದಾಗ ಅವರೂ ಆ ಪಡಸಾಲೆಯಲ್ಲಿ ಇದ್ದವರು.

"ಆಗಷ್ಟ ನನ್ನ ಲಗ್ನಾಗಿತ್ರಿ. ಆಕಡೆ ಈಕಡೆ ಸೀರಿ ಕಟ್ಟಿ ಒಬ್ಬೊಬ್ಬರು ಒಂದೊಂದು ಖೋಲಿ ಮಾಡಿಕೊಂಡಿದ್ವಿ. ನಡುವ ಓಣಿ ಬಿಟ್ಟಿದ್ವಿ," ಎಂದರು.

"ಜಾಗ ಇಲ್ಲದೆ ಒದ್ದಾಡುತ್ತಿದ್ದಿರಿ, ನಡುವೆ ಯಾಕೆ ಯಾರೂ ಹಾಸಿಕೊಳ್ಳಲಿಲ್ಲ?"

ರಾಜೇಸಾಬರು ಗಡ್ಡ ಕೆರೆದುಕೊಂಡರು. "ದಾರಿ ಬೇಕಲ್ರಿ ಅಕ್ಕಾರ."

ಎಲ್ಲರ ಬಳಿಯೂ ಒಂದು ಒಳ್ಳೆಯ ಕಾರಣವಿತ್ತು. ನನ್ನನ್ನು ಕೆರಳಿಸಿದ್ದು ಅದೇ. ದಾರಿ ಬೇಕು ಸರಿ, ಎಲ್ಲಿಗೆ? ಆ ತುದಿಯಲ್ಲಿ ಬಾಗಿಲಿಲ್ಲ, ಕಿಟಕಿಯಿಲ್ಲ, ಇರುವುದು ಕಲ್ಲಿನ ಗೋಡೆ. ಗೋಡೆಗೆ ಹೋಗಿ ಹಣೆ ಹಚ್ಚಲು ಯಾರಿಗೆ ಇಷ್ಟು ಅಗಲದ ದಾರಿ ಬೇಕು? ನನಗೆ ಬೇಕಾಗಿದ್ದದ್ದು ಒಂದು ತರಗತಿಯ ಹುಡುಗಿಯರು ಕೂಡುವಷ್ಟು ಜಾಗ. ಅದು ಕಣ್ಣೆದುರಿಗೇ ಇತ್ತು, ನನ್ನ ಕೈಗೆ ಮಾತ್ರ ಹತ್ತುತ್ತಿರಲಿಲ್ಲ.

ಜಾಗ ಅಳೆದು ನೋಡಲು ತಾಲೂಕಿನಿಂದ ಇಂಜಿನಿಯರರು ಬರುವ ದಿನ ಗೊತ್ತಾಯಿತು. ಅವರು ಬಂದಾಗ ಏಳನೆಯ ತರಗತಿಗೆ ಬೇರೆ ಜಾಗ ಕಾಣದಿದ್ದರೆ ಮುಗಿಯಿತು. ಅದರ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಎಲ್ಲರನ್ನೂ ಕಳಿಸಿ, ನಾನೊಬ್ಬಳೇ ಒಳಗೆ ಉಳಿದೆ. ಯಾರು ಸರಿಸುತ್ತಾರೋ ಇವತ್ತು ನನ್ನೆದುರು ಸರಿಸಲಿ ಎಂದು ಹಠ. ಇಂಥ ಕಥೆಗಳಲ್ಲಿ ಅಮಾವಾಸ್ಯೆ ಇರುತ್ತದೆ, ನಾಯಿ ಊಳಿಡುತ್ತದೆ. ನನ್ನದರಲ್ಲಿ ಚೆನ್ನಾದ ಬಿಸಿಲಿತ್ತು. ಹೊರಗೆ ಯಾರದೋ ಆಡುಗಳು ಮೇಯುತ್ತಿದ್ದವು.

ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ. ಡೆಸ್ಕುಗಳು ನಡುವೆಯೇ ಇದ್ದವು. ಅವುಗಳಲ್ಲಿ ಒಂದನ್ನು ಆರಿಸಿ, ಅದರ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಎಳೆದ ಮೇಲೆ ಅದರ ಮೇಲೆಯೇ ಕುಳಿತೆ. ರೂತಮ್ಮ ಹೋಗುವಾಗ ಸ್ಟೀಲಿನ ಲೋಟದ ತುಂಬ ಚಹಾ ಕೊಟ್ಟು ಹೋಗಿದ್ದಳು. ಅವಳ ಕೈಯೇ ಹಾಗೆ, ಏನು ಹಾಕಿದರೂ ಕಂಠಮಟ್ಟ ಹಾಕುತ್ತಾಳೆ. ಸುಡುತ್ತಿತ್ತು, ಆರಲಿ ಎಂದು ಎದುರಿಗಿನ ಹಲಗೆಯ ಮೇಲೆ ಇಟ್ಟೆ. ಮಕ್ಕಳ ಉತ್ತರ ಪತ್ರಿಕೆ ತಿದ್ದಲು ತೆಗೆದೆ. ದುಂಡು ಕಿಟಕಿಯ ಬಿಸಿಲು ನೇರವಾಗಿ ನನ್ನ ಕೈ ಮೇಲೆ ಬೀಳುತ್ತಿತ್ತು, ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದವು.

ನಿದ್ದೆ ಬಂದಿರಬೇಕು ಎಂದು ಹೇಳುವವರಿಗೆ ಮೊದಲೇ ಹೇಳುತ್ತೇನೆ. ಆ ಹೊತ್ತಿನಲ್ಲಿ ನಾನು ತಿದ್ದಿದ ಪತ್ರಿಕೆಗಳಲ್ಲಿ ಒಂದು ತಪ್ಪೂ ಇರಲಿಲ್ಲ, ಮರುದಿನ ನಾನೇ ಕೂತು ಪರಿಶೀಲಿಸಿದ್ದೇನೆ. ಒಬ್ಬ ಹುಡುಗ ಎಲೆಗಳು ರಾತ್ರಿ ಅಡುಗೆ ಮಾಡುತ್ತವೆ ಎಂದು ಬರೆದಿದ್ದ. ಅದಕ್ಕೆ ನಕ್ಕಿದ್ದೂ ನೆನಪಿದೆ.

ಸ್ವಲ್ಪ ಹೊತ್ತಿಗೆ ಅಕ್ಷರಗಳು ಮಂಕಾದವು. ಮೋಡ ಬಂತೇನೋ ಎಂದು ತಲೆಯೆತ್ತಿದೆ. ಮೋಡವಿರಲಿಲ್ಲ. ಬಿಸಿಲು ಇತ್ತು, ನನ್ನ ಮೇಲೆ ಇರಲಿಲ್ಲ. ದೂರಕ್ಕೆ, ಪಡಸಾಲೆಯ ನಡುವೆ, ನೆಲದ ಮೇಲೆ ದುಂಡಗೆ ಬಿದ್ದಿತ್ತು. ಹೊತ್ತು ಇಳಿದಂತೆ ಬಿಸಿಲು ಸರಿಯುತ್ತದೆ, ಅದರಲ್ಲೇನು ಎಂದುಕೊಂಡು ಕೈ ಚಾಚಿದಾಗ ಬಲ ಮೊಣಕೈಗೆ ತಣ್ಣಗೆ ಏನೋ ತಗುಲಿತು. ನೋಡಿದರೆ ಗೋಡೆ. ನನ್ನ ರವಿಕೆಯ ತೋಳಿಗೆ ಹೊಸ ಸುಣ್ಣ ಹತ್ತಿತ್ತು. ನಾನು ಕುಳಿತ ಡೆಸ್ಕು ಗೋಡೆಗೆ ಒತ್ತಿ ನಿಂತಿತ್ತು. ಉಳಿದವೂ ಅಷ್ಟೇ, ಕೆಲವು ಈ ಗೋಡೆಗೆ, ಕೆಲವು ಆ ಗೋಡೆಗೆ.

ಎದ್ದೆ. ಮೊದಲು ಲೋಟ ನೋಡಿದೆ. ಚಹಾ ಕಂಠಮಟ್ಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಒಂದು ಹನಿಯೂ ಹಲಗೆಯ ಮೇಲೆ ಚೆಲ್ಲಿರಲಿಲ್ಲ. ಪತ್ರಿಕೆಗಳು ಇಟ್ಟ ಹಾಗೇ ಇದ್ದವು. ನಡುವೆ ಹೋಗಿ ನೆಲ ನೋಡಿದೆ. ನಾನು ಎಳೆದ ಸೀಮೆಸುಣ್ಣದ ಗೆರೆಗಳು ಅಲ್ಲೇ ಇದ್ದವು, ಎಲ್ಲೂ ಅಳಿಸಿರಲಿಲ್ಲ, ಡೆಸ್ಕು ಎಳೆದ ಗುರುತೂ ಇರಲಿಲ್ಲ. ಬಾಗಿಲಿನ ಅಗುಳಿ ಹಾಕಿದ ಹಾಗೇ ಇತ್ತು.

ಆಗ ಹೆದರಬೇಕಾಗಿತ್ತು. ಬದಲಿಗೆ ಪಿತ್ತ ನೆತ್ತಿಗೇರಿತು. ಡೆಸ್ಕಿನ ಒಂದು ತುದಿ ಹಿಡಿದು ನಡುವಿನ ಕಡೆಗೆ ಎಳೆದೆ. ನೆಲದ ಕಲ್ಲಿನ ಮೇಲೆ ಕಬ್ಬಿಣ ಕಿರ್ರೆಂದಿತು, ಹೊರಗಿನ ಆಡುಗಳು ಬೆದರಿ ಓಡಿದವು. ಅಷ್ಟು ಸದ್ದು ಮಾಡುವ ಡೆಸ್ಕು ನನ್ನನ್ನು ಹೊತ್ತುಕೊಂಡು ಸದ್ದಿಲ್ಲದೆ ಗೋಡೆಗೆ ಹೇಗೆ ಬಂತು? ಎಳೆದೆ, ಎಳೆದೆ, ಮೊಳದಷ್ಟು ಬಂತು. ಉಸಿರು ಸಾಲದೆ ಅಲ್ಲೇ ಕುಳಿತು ಅತ್ತೆ. ದೆವ್ವಕ್ಕೆ ಹೆದರಿ ಅಳುವುದಾದರೆ ಮರ್ಯಾದೆ ಇರುತ್ತಿತ್ತು. ನಾನು ಅತ್ತದ್ದು ನಾಳೆ ಇಂಜಿನಿಯರರು ಬರುತ್ತಾರೆ ಎಂದು.

ಖಾಲಿ ಪಡಸಾಲೆಗೆ ಒಂದು ಮಾತು ಹೇಳಿದ್ದೂ ನಿಜ. ಜಗಳಕ್ಕೆ ನಿಂತಾಗ ನಾನು ಊರಿನ ಮಾತಿಗೇ ಬರುತ್ತೇನೆ. "ನಿನಗ ದಾರಿ ಬೇಕು, ತಿಳೀತು. ಹುಡುಗ್ಯಾರು ಎಲ್ಲಿ ಕುಂಡ್ರಬೇಕು, ಅದನ್ನ ಹೇಳು," ಎಂದೆ. ಆರಿದ ಚಹಾ ಕುಡಿದು, ಲೋಟ ತೊಳೆದಿಟ್ಟು, ಬೀಗ ಹಾಕಿ ಮನೆಗೆ ಹೋದೆ.

ಮರುದಿನ ನಡುವೆ ಏನನ್ನೂ ಇಡಿಸಲಿಲ್ಲ. ಸೋತು ಬಿಟ್ಟೆ ಎಂದೇ ಅನ್ನಿ. ಏಳನೆಯ ತರಗತಿಯವರನ್ನು ಗೋಡೆಯ ಬದಿಯ ಡೆಸ್ಕುಗಳಲ್ಲಿ, ಐದು ಆರನೆಯವರ ನಡುವೆ ಒತ್ತಿ ಕೂಡಿಸಿದೆ. ಯಾವ ತರಗತಿ ಎಲ್ಲಿ ಮುಗಿಯುತ್ತದೆ ಎಂದು ನನಗೇ ತಿಳಿಯುವಂತಿರಲಿಲ್ಲ. ರಾಜೇಸಾಬರು ಬಾಗಿಲಲ್ಲಿ ಬಂದು ನಿಂತಿದ್ದರು. ಒಳಗೆ ಕಣ್ಣಾಡಿಸಿದವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅದರ ಬದಲು ಅವರು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಂಜಿನಿಯರರು ಬಂದರು. ಟೇಪಿನ ಒಂದು ತುದಿಯನ್ನು ತಮ್ಮ ಜೊತೆಯವನ ಕೈಗೆ ಕೊಟ್ಟು, ಬಾಗಿಲಿನಿಂದ ಆ ಗೋಡೆಯವರೆಗೆ ನಡುವಿನ ಖಾಲಿ ನೆಲದ ಮೇಲೆ ನೆಟ್ಟಗೆ ನಡೆದು ಹೋದರು. ಮಕ್ಕಳು ಪಿಳಿಪಿಳಿ ನೋಡಿದರು. ಅಳೆದು ಮುಗಿದ ಮೇಲೆ ಅವರು ನಡುವೆಯೇ ನಿಂತು ಸುತ್ತ ನೋಡಿ ಕೇಳಿದರು.

"ಏಳನೇತ್ತಿ ಎಲ್ಲೈತ್ರಿ?"

ಅವರೇ ತಮ್ಮ ಕಾಲ ಬುಡ ನೋಡಿಕೊಂಡು, "ಓ, ಇಲ್ಲಿ ಕುಂಡ್ರಸ್ತೀರೇನು? ನಮಗ ಅಳ್ಯಾಕಂತ ಎಬ್ಬಿಸಿರೇನ್ರಿ? ಚಲೋ ಮಾಡಿದ್ರಿ. ಜಾಗ ಭಾಳ ಐತಿ ಬಿಡ್ರಿ," ಎಂದರು.

"ಹೌದ್ರಿ," ಎಂದೆ.

ಏಳನೆಯ ತರಗತಿ ನಡುವಿನ ಜಾಗದಲ್ಲಿ ಎಂದು ಬರೆದುಕೊಂಡು ಹೋದರು. ಅಷ್ಟೇ. ಶಾಲೆ ಉಳಿಯಿತು, ಏಳನೆಯ ತರಗತಿ ಊರಿನಲ್ಲೇ ಉಳಿಯಿತು. ನಾನು ಅಷ್ಟು ದಿನ ಗುದ್ದಾಡಿದ ಆ ಖಾಲಿ ನೆಲವೇ ನಮ್ಮನ್ನು ಉಳಿಸಿತ್ತು. ರಾಜೇಸಾಬರು ಪೇಢೆ ಹಂಚಿದರು. ನನ್ನ ಬಾಯಿಗೆ ಅದು ಸಪ್ಪೆಯಾಗಿತ್ತು. ಧನ್ಯವಾದ ಹೇಳೋಣವೆಂದರೆ ಯಾರಿಗೆ ಹೇಳಬೇಕೋ ತಿಳಿಯದು, ಜಗಳ ಮುಂದುವರಿಸೋಣವೆಂದರೆ ಎದುರಿಗೆ ಯಾರೂ ಇಲ್ಲ.

ವರ್ಷವೆಲ್ಲ ಹಾಗೇ ಕಳೆಯಿತು. ಹುಡುಗಿಯರು ಎರಡೂ ಗೋಡೆಗೆ ಒತ್ತೊತ್ತಾಗಿ ಕೂಡುತ್ತಿದ್ದರು, ನಾನು ನಡುವಿನ ಖಾಲಿ ಜಾಗದಲ್ಲಿ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಓಡಾಡುತ್ತ ಪಾಠ ಹೇಳುತ್ತಿದ್ದೆ. ವಾರ್ಷಿಕ ಪರೀಕ್ಷೆಯ ದಿನಗಳಲ್ಲೂ ಅಲ್ಲೇ ಓಡಾಡಿ ಕಾವಲು ಕಾದೆ. ಡೆಸ್ಕುಗಳು ಮತ್ತೆ ಅಲುಗಲಿಲ್ಲ, ನಾನೂ ಅಲುಗಿಸಲಿಲ್ಲ. ಶಾಹೀನ ಪಾಸಾದಳು, ಎಲ್ಲ ಹುಡುಗಿಯರೂ ಪಾಸಾದರು. ಆಮೇಲೆ ಹೊಸ ಕಟ್ಟಡ ಬಂತು, ನನಗೆ ವರ್ಗವಾಯಿತು, ನಿವೃತ್ತಿಯೂ ಆಯಿತು. ಆ ಸಂಜೆಯ ವಿಷಯ ಯಾರಿಗೂ ಹೇಳಲಿಲ್ಲ. ಅತ್ತೆಯವರಿಗಂತೂ ಹೇಳುವ ಮಾತೇ ಇಲ್ಲ, ಹೇಳಿದ್ದರೆ ಅವರು ನಕ್ಕು ನಕ್ಕು ಸಾಕಾಗುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ರೂತಮ್ಮನ ಮೊಮ್ಮಗಳ ಮದುವೆಗೆಂದು ಆ ಊರಿಗೆ ಹೋದೆ. ಮಿಶನ್ ಗುಡಿ ಈಗ ಮತ್ತೆ ದವಾಖಾನೆ, ಸರ್ಕಾರದ ಆರೋಗ್ಯ ಕೇಂದ್ರ. ಅಲ್ಲಿ ನರ್ಸ್ ಆಗಿರುವವಳು ಬೇರೆ ಯಾರೂ ಅಲ್ಲ, ಶಾಹೀನ. ನನ್ನನ್ನು ಕೈ ಹಿಡಿದು ಒಳಗೆ ಕರೆದೊಯ್ದಳು, ಕೂಡಿಸಿ ಬಿ.ಪಿ. ನೋಡಿದಳು, ಉಪ್ಪು ಕಡಿಮೆ ಮಾಡಿರಿ ಎಂದು ಗದರಿದಳು. ರಸ್ತೆ ದಾಟಿ ಕಳಿಸುವುದಿಲ್ಲ ಎಂದಿದ್ದ ರಾಜೇಸಾಬರ ಮಗಳು ನರ್ಸಿಂಗ್ ಓದಲು ಜಿಲ್ಲೆಯನ್ನೇ ದಾಟಿ ಹೋಗಿ ಬಂದಿದ್ದಳು. ನನ್ನ ಕಣ್ಣು ತುಂಬಿ ಬಂತು. ಅದನ್ನು ಮರೆಸಲೆಂದು ಅತ್ತಿತ್ತ ನೋಡಿದೆ. ಮೇಜು, ಕುರ್ಚಿ, ಔಷಧಿಯ ಕಪಾಟು, ಕಾದು ಕುಳಿತ ಹೆಂಗಸರು, ಎಲ್ಲ ಎರಡೂ ಗೋಡೆಗೆ. ನಡುವೆ ಖಾಲಿ.

"ನಡುವ ಯಾಕವಾ ಖಾಲಿ ಬಿಟ್ಟೀರಿ?" ಎಂದು ಕೇಳಿದೆ. ದಾರಿ ಬೇಕಲ್ರಿ ಎನ್ನುತ್ತಾಳೆ ಎಂದುಕೊಂಡಿದ್ದೆ.

ಶಾಹೀನ ತಿರುಗಿ ನೋಡಿದಳು. "ನನಗ ಅಲ್ಲಿ ಏನರ ಇಡಾಕ ಮನಸ್ಸ ಆಗಂಗಿಲ್ರಿ ಅಕ್ಕಾರ. ನಾವು ಕುಂತಿದ್ದ ಜಾಗ ಅಲ್ಲೇನ್ರಿ."

ನಾನು ತಿದ್ದಿದೆ. ನೀವು ಗೋಡೆಗೆ ಕುಳಿತಿದ್ದಿರಿ, ನಡುವೆ ಮೊದಲ ಕೆಲವು ದಿನ ಡೆಸ್ಕು ಎಳೆದು ಹಾಕಿದಾಗ ಅಷ್ಟೇ ಎಂದೆ. ಅವಳು ನಕ್ಕಳು.

"ಇಲ್ರಿ. ವರ್ಷಪೂರ್ತಿ ನಡುವನ ಕುಂತೀವಿ. ಪರೀಕ್ಷಾ ಬರಿಯೂವಾಗ ಗುಂಡ ಕಿಟಕಿ ಬಿಸಲು ನನ್ನ ಪೇಪರ್ ಮ್ಯಾಲ ಬರ್ತಿತ್ತು, ನಾ ಸರಸ್ಕೋಂತ ಬರದೇನಿ. ನೀವು ಗ್ವಾಡಿ ಹಿಡದು ನಮ್ಮ ಸುತ್ತ ತಿರಗ್ಯಾಡತಿದ್ರಿ. ಮರತ್ರೇನು?"

ನಾನು ಮರೆಯುವವಳಲ್ಲ. ಹಾಗೆಂದೆ. ಅವಳು ಫೋನು ತೆಗೆದು ಮುದ್ದೇಬಿಹಾಳಕ್ಕೆ ಮದುವೆಯಾಗಿ ಹೋಗಿದ್ದ ತನ್ನ ತರಗತಿಯ ಗೆಳತಿ ಲಕ್ಷ್ಮಿಗೆ ಹಚ್ಚಿದಳು. ನಾನಿದ್ದೇನೆ ಎಂದು ಹೇಳದೆ, ನಾವು ಏಳನೇತ್ತಿಯೊಳಗ ಎಲ್ಲಿ ಕುಂಡರ್ತಿದ್ವಿ ಹೇಳು ಎಂದು ಕೇಳಿದಳು. "ನಡುವ ಕುಂಡರ್ತಿದ್ವಿ. ಬ್ಯಾಸಗಿಯೊಳಗೂ ಕಲ್ಲು ತಣ್ಣಗಿರ್ತಿತ್ತು. ಯಾಕಲೇ?" ಎಂದಿತು ಆ ಕಡೆಯ ದನಿ.

ಮದುವೆಯ ಮನೆಗೆ ಹೋಗಿ ರೂತಮ್ಮನನ್ನು ಕೇಳಿದೆ. "ನಾ ಒಲಿ ಮುಂದ ಇರ್ತಿದ್ದೆ, ನಾ ಏನ ನೋಡೇನ್ರಿ," ಎಂದು ಎಲೆಗೆ ಇನ್ನಷ್ಟು ಹುಗ್ಗಿ ಬಡಿಸಿದಳು. ಇನ್ನು ಯಾರನ್ನು ಕೇಳಿದರೂ ಹುಡುಗಿಯರ ಮಾತೇ ಬಂದೀತೆಂದು ಅಲ್ಲಿಗೇ ಬಿಟ್ಟೆ. ಸರ್ಕಾರದ ಕಾಗದವನ್ನು ಕೇಳೋಣವೆಂದರೆ ಅದೂ ಹುಡುಗಿಯರ ಪರವೇ ಇದೆ, ಏಳನೆಯ ತರಗತಿ ನಡುವಿನ ಜಾಗದಲ್ಲಿ ಎಂದು ಬರೆಸಿದವಳು ನಾನೇ.

ಎಳೆಯ ಮಕ್ಕಳ ನೆನಪು ಕಲಸುಮೇಲೋಗರವಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆದರೆ ಇಬ್ಬರಿಗೂ ಒಂದೇ ಥರ ಹೇಗೆ ಕಲಸುತ್ತದೆ? ನನ್ನ ನೆನಪೇ ತಪ್ಪಿರಬಹುದು ಎಂದೂ ಯೋಚಿಸುತ್ತೇನೆ. ಆದರೆ ಆ ಖಾಲಿ ಕಲ್ಲುಗಳ ಮೇಲೆ ವರ್ಷವಿ‍ಡೀ ನಡೆದ ಕಾಲು ನನ್ನದು. ಅವರೂ ಅಲ್ಲಿದ್ದರು, ನಾನೂ ಅಲ್ಲಿದ್ದೆ. ಅಂದು ಸಂಜೆ ಹುಡುಗಿಯರು ಎಲ್ಲಿ ಕೂಡಬೇಕು ಹೇಳು ಎಂದು ಕೇಳಿದವಳೂ ನಾನೇ.

ನಮ್ಮೂರಿಗೆ ಹೊರಡುವ ಮುನ್ನ ಮತ್ತೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಆ ಜಾಗದಲ್ಲಿ ಒಂದು ಗಳಿಗೆ ಕುಳಿತು ನೋಡಬೇಕೆಂದುಕೊಂಡೆ. ಹೊತ್ತು ಇಳಿಯುತ್ತಿತ್ತು, ಬಿಸಿಲು ದುಂಡಗೆ ನೆಲದ ಮೇಲೆ ಬಿದ್ದಿತ್ತು. ಅದರ ಅಂಚಿನವರೆಗೆ ಹೋದೆ. ಮೇಜಿನ ಹಿಂದಿದ್ದ ಶಾಹೀನ ಏನೋ ಬರೆಯುತ್ತಿದ್ದವಳು ತಲೆಯೆತ್ತದೆಯೇ, "ಅಕ್ಕಾರ, ಸ್ವಲ್ಪ ಈಚೆ ಬರ್ರಿ, ಅಲ್ಲಿ ಲಕ್ಷ್ಮಿ ಕುಂಡರ್ತಿದ್ಲು," ಎಂದಳು. ನಾನು ಗೋಡೆಯ ಕಡೆಗೆ ಸರಿದು ನಿಂತೆ.